ಹೈಯರ್ ಆರ್ಟಿಸ್ಟ್ ಅಂಬವ್ವ

ಜೀಡಿಮೆಟ್ಲಾ, ಹೈದರಾಬಾದ್
ಬುಧವಾರ, 11 ಸೆಪ್ಟೆಂಬರ್ 2024

ಚಿರಂಜೀವಿ ಸೌಭಾಗ್ಯವತಿ ರಶ್ಮಿಗೆ,

ಹಡೆದವ್ವ ಅಂಬವ್ವ ಮಾಡುವ ಆಶೀರ್ವಾದ, ಥೇಟರಿನ ಕಟ್ಟಕಡೆಯ ಸಾಲಿನಲ್ಲಿ ಕೂತವರಿಗೂ ಮುಟ್ಟುವಷ್ಟು ಗಟ್ಟಿಯಾಗಿ. ನಾನು ಇಲ್ಲಿ ಕ್ಷೇಮ. ನೀನು, ಅಳಿಯ ಚೇತನಕುಮಾರ, ಬೀಗತಿ ಸುಹಾಸಿನಿಯವರು ಮಣಿಕೊಂಡದ ಆ ಹನ್ನೊಂದನೇ ಮಹಡಿಯ ಗಾಳಿಯಲ್ಲಿ ಆರಾಮಾಗಿದ್ದೀರಿ ಅಂತ ನಂಬಿದ್ದೇನೆ.

ಬರೆಯುವುದು ತಡವಾಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಗಣಪತಿ ಹಬ್ಬಕ್ಕೆ ನಿಮ್ಮ ಮನೆಗೆ ಬರುತ್ತೇನೆ ಅಂದ ನಾನು ಬರಲಿಲ್ಲ. ನೀನು ಮಾಡಿದ ಫೋನು ಎತ್ತಲಿಲ್ಲ. ನಿನಗಂತ ಮಾಡಿದ್ದ ಕಡುಬನ್ನು ನಮ್ಮ ಓಣಿಯ ಪೆಂಡಾಲಿನ ಗಣಪತಿಯ ಮುಂದಿಟ್ಟು ಬಂದೆ. ಅವನಾದರೂ ನನ್ನನ್ನು ಏನೂ ಕೇಳಲಿಲ್ಲ.

ಒಂದೇ ಊರಿನಲ್ಲಿದ್ದು ಪತ್ರ ಯಾಕೆ ಅಂತ ನಗಬೇಡ. ಫೋನಿನಲ್ಲಿ ಮಾತಾಡಿದರೆ ನನ್ನ ದನಿ ನಿನ್ನ ಕಿವಿಯಿಂದ ಹಾರಿ ಹಾಲ್‌ನಲ್ಲಿ ಕೂತವರಿಗೂ ಕೇಳುತ್ತದೆ ಅಂತ ನೀನೇ ಹೇಳಿದ್ದಿ. ಮೇಲಾಗಿ ಪತ್ರ ನಮ್ಮಿಬ್ಬರ ಹಳೆಯ ರೂಢಿ. ನೀನು ಧಾರವಾಡದ ಹಾಸ್ಟೆಲಿನಲ್ಲಿ ಓದುವಾಗ ನಮ್ಮ ನಾಟಕ ಕಂಪನಿ ಯಾವ ಊರಿನಲ್ಲಿ ಕ್ಯಾಂಪು ಹಾಕಿದರೂ ನಿನಗೊಂದು ಪತ್ರ ಬರುತ್ತಿತ್ತು. "ಅವ್ವಾ, ನಿನ್ನ ಪತ್ರಾ ಓದಬೇಕಾಗಿಲ್ಲ, ಬಿಚ್ಚಿದ ಕೂಡಲೇ ಒದರತಾವ" ಅಂತ ಬರೆದಿದ್ದಿ. ಪೆನ್ನು ಹಿಡಿದರೆ ನನಗೆ ರಂಗದ ಭಾಷೆಯೇ ಬರುತ್ತದೆ. ಈ ಪತ್ರವೂ ಒದರಲಿದೆ. ಬಾಗಿಲು ಮುಂದೆ ಮಾಡಿಕೊಂಡು ಓದು.

ಮೊದಲು ಸುದ್ದಿ. ನೀನು ಸೋಮವಾರ ಕಳಿಸಿದ ರೊಕ್ಕವನ್ನು ನಿನ್ನೆ ನಿನ್ನ ಖಾತೆಗೇ ತಿರುಗಿ ಹಾಕಿದ್ದೇನೆ. ಹಲ್ಲಿನ ಡಾಕ್ಟರಿಗೂ ಸದ್ಯ ಬರುವುದಿಲ್ಲ ಅಂತ ತಿಳಿಸಿದೆ. ಸಂಜೆ ಚೇತನಕುಮಾರ ಫೋನು ಮಾಡಿದ್ದ. "ಅತ್ತೆ, ಇಷ್ಟು ದಿನ ಇದಕ್ಕೇ ತಾನೇ ಕಾದಿದ್ದು. ಕೈಗೆ ಬಂದ್ಮೇಲೆ ವಾಪಸ್ ಯಾಕೆ?" ಅಂದ. ಪಾಪ, ಮೈಸೂರಿನ ಹುಡುಗ, ಸಿಟ್ಟು ಬಂದವರ ಹತ್ತಿರವೂ ಹಾಲು ಕಾಯಿಸಿದಂತೆ ಮಾತಾಡುತ್ತಾನೆ. "ರಶ್ಮಿಗೆ ಬರೀತೀನಪಾ" ಅಂದೆ. ಬರೆಯುತ್ತಿದ್ದೇನೆ. ಆ ವಿಡಿಯೋ ಕಂಪನಿಯ ಮೇಲೆ ನನಗೆ ಬಂದಿರುವ ಸಿಟ್ಟಿಗೆ ಈ ಕಾಗದ ಸಾಲದು.

ಕಂಪನಿ. ಆ ಶಬ್ದಕ್ಕೆ ನಮ್ಮ ಕಡೆ ಒಂದೇ ಅರ್ಥ ಇತ್ತು. ತಗಡಿನ ಥೇಟರು, ಪಡದೆ, ಪೇಟಿ, ತಬಲಾ, ಮಣ್ಣಿನ ನೆಲದ ಮೇಲೆ ಕೂತ ಜನ. ನಮ್ಮ ಮಾಲೀಕ ಸಿದ್ದರಾಮಪ್ಪ ಕಂಜೂಸ ಇದ್ದ, ಬಾಯಿ ಹೊಲಸು ಇತ್ತು, ಆದರೆ ಪಗಾರ ಕೊಡುವಾಗ ಕಣ್ಣಲ್ಲಿ ಕಣ್ಣಿಟ್ಟು ಕೊಡುತ್ತಿದ್ದ. ತಡಮಾಡಿದರೆ ಅವನ ಎದುರಿಗೆ ನಿಂತು ಜಗಳಾಡಬಹುದಿತ್ತು. ಬಯ್ದರೆ ಬಯ್ಯುತ್ತಿದ್ದ, ಬಯ್ದಮೇಲೆ ಚಹಾ ತರಿಸುತ್ತಿದ್ದ. ಈ ಹೊಸ ಕಂಪನಿಗೆ ಮಾರಿ ಇಲ್ಲ. ಬಯ್ಯೋಣವೆಂದರೆ ಎಲ್ಲಿ ನಿಂತು ಯಾವ ದಿಕ್ಕಿಗೆ ಮುಖ ಮಾಡಿ ಬಯ್ಯಬೇಕೋ ತಿಳಿಯುವುದಿಲ್ಲ. ಇಡೀ ಆಯುಷ್ಯ ಬಯ್ಯುವ ಪಾತ್ರ ಮಾಡಿದ ಅಂಬವ್ವನಿಗೆ ಬಯ್ಯಲು ದಿಕ್ಕಿಲ್ಲದ ಹಾಗೆ ಮಾಡಿದರು.

ಇದು ಶುರುವಾದದ್ದು ನಿನಗೆ ನೆನಪಿದೆ. ಬೀಗತಿಯವರು ಇನ್ನೂ ಮೈಸೂರಿನಲ್ಲಿದ್ದಾಗ ನಿಮ್ಮ ಮನೆಯಲ್ಲಿ ನಾನು ಬೆಳಿಗ್ಗೆ ದನಿ ಸಾಧನೆ ಮಾಡಿದರೆ ಕೆಳಗಿನ ಮನೆಯವರು ಅಪಾರ್ಟ್‌ಮೆಂಟಿನ ಗ್ರೂಪಿನಲ್ಲಿ "ಹನ್ನೊಂದನೇ ಮಹಡಿಯಲ್ಲಿ ದಿನಾ ಜಗಳ" ಅಂತ ಹಾಕಿದರು. ನಾನು ಜೀಡಿಮೆಟ್ಲಾಕ್ಕೆ ಬಂದೆ. ಇಲ್ಲಿ ಫ್ಯಾಕ್ಟರಿ ಸೈರನ್ನಿಗೆ ಅಂಜದವರು ನನಗೆ ಅಂಜುತ್ತಾರೆಯೇ? ಬಂದ ವರ್ಷವೇ ಮುಂದಿನ ಮೂರು ಹಲ್ಲು ಹೋದವು. ಊಟಕ್ಕೆ ತೊಂದರೆ ಇಲ್ಲ, ರೊಟ್ಟಿಯನ್ನು ದವಡೆಯಲ್ಲಿ ನುರಿಸುತ್ತೇನೆ. ಆದರೆ "ಸೊಸಿ" ಅಂದರೆ ಸಿಳ್ಳೆ ಹೊಡೆದಂತೆ ಗಾಳಿ ಹೊರಡತೊಡಗಿತು. ಅತ್ತಿ ಪಾತ್ರದ ಅಂಬವ್ವನಿಗೆ ಸೊಸಿ ಅನ್ನಲು ಬಾರದಿದ್ದರೆ, ಪೇಟಿ ಮಾಸ್ತರನ ಬೆರಳು ಮುರಿದ ಹಾಗೆ. ನೀನು ಹಲ್ಲು ಕಟ್ಟಿಸುತ್ತೇನೆ ಅಂದಿ. ನಾನು ಬೇಡ ಅಂದೆ. ನನ್ನ ಬಾಯಿ ದುಡಿದ ರೊಕ್ಕದಿಂದಲೇ ನನ್ನ ಬಾಯಿಗೆ ಹಲ್ಲು ಬರಬೇಕು ಅನ್ನುವುದು ನನ್ನ ಹಟ. ಆಗ ನೀನೇ ನಗುತ್ತ ನನ್ನ ಫೋನು ಇಸಿದುಕೊಂಡು ಆ ವಿಡಿಯೋ ಆ್ಯಪಿನಲ್ಲಿ ಖಾತೆ ತೆರೆದಿ. ಆಧಾರ್ ಕಾರ್ಡಿನಲ್ಲಿ ನಾನು ಅಂಬುಬಾಯಿ, ಬ್ಯಾಂಕಿನಲ್ಲಿ ಅಂಬವ್ವ, ಎರಡೂ ಒಬ್ಬಾಕೆಯೇ ಅಂತ ಯಾವ ಆಫೀಸೂ ಒಪ್ಪಲಿಲ್ಲ. ಅದಕ್ಕೇ ಖಾತೆ ನಿನ್ನ ಹೆಸರಿನಲ್ಲಿ, ಬ್ಯಾಂಕು ನಿನ್ನದು, ಮಾರಿ ನನ್ನದು.

ಮೊದಲ ವಿಡಿಯೋ ಮಾಡಿದ ದಿನದ ಸಂಭ್ರಮ ಹೇಳುತ್ತೇನೆ ಕೇಳು. ಪಕ್ಕದ ಕೋಣೆಯ ಸಪ್ನಾ, ಯಾದಗಿರಿ ಕಡೆಯವಳು, ಇಲ್ಲೇ ಔಷಧಿ ಫ್ಯಾಕ್ಟರಿಯ ಆಫೀಸಿನಲ್ಲಿ ಲೆಕ್ಕ ಬರೆಯುತ್ತಾಳೆ, ಅವಳು ತನ್ನ ಕೆಂಪು ಪ್ಲಾಸ್ಟಿಕ್ ಕುರ್ಚಿ ತಂದಿಟ್ಟಳು. ನಾನು ಅದಕ್ಕೆ ಹಸಿರು ಇಳಕಲ್ ಸೀರೆ ಉಡಿಸಿದೆ. ಅದೇ ಸೊಸೆ. ಮೂಗಿಗೆ ನತ್ತು, ಹಣೆಗೆ ರೂಪಾಯಿಯಗಲದ ಕುಂಕುಮ, ಹುಬ್ಬಿಗೆ ಕಾಡಿಗೆ ಹಚ್ಚಿಕೊಂಡು ನಿಂತೆ. ಸಪ್ನಾ ಫೋನು ಹಿಡಿದು "ಹೂಂ" ಅಂದಳು. ಬಿಟ್ಟೆ ನೋಡು.

"ಏ ಸೊಸಿ ಮಹಾರಾಣಿ, ಸೂರ್ಯ ಬಂದು ನಿನ್ನ ಹಾಸಿಗಿ ಮುಂದ ಕೈಮುಗದು ನಿಂತಾನ. ಏಳವಾ ತಾಯಿ, ನೀ ಎದ್ದರ ನಾ ಮುಳುಗತೀನಿ, ನನಗೂ ಮನಿ ಐತಿ, ಹೆಂಡತಿ ಕಾಯಾಕತ್ತಾಳ ಅಂತಾನ."

ಜನ ಮುಗಿಬಿದ್ದರು. ರಾಯಚೂರು, ಕಲಬುರ್ಗಿ, ಜಮಖಂಡಿ, ಎಲ್ಲಿಂದೆಲ್ಲ ಬರೆದರು. ಒಬ್ಬ ಹುಡುಗ "ಮಿಯಾಪುರ ಮೆಟ್ರೋದಾಗ ನಿಂತು ನಗಾಕತ್ತೀನಿ ಅವ್ವಾ, ಬಾಜೂದವ ನನಗ ಹುಚ್ಚ ಅಂದ್ಕೊಂಡು ಸರದು ನಿಂತ. ಒನ್ಸ್ ಮೋರ್" ಅಂತ ಬರೆದ. ಅವನ ಕೆಳಗೆ ಇನ್ನೊಬ್ಬ, ಒನ್ಸ್ ಮೋರ್. ಅದರ ಕೆಳಗೆ ಮತ್ತೊಬ್ಬ.

ರಶ್ಮಿ, ಒನ್ಸ್ ಮೋರ್ ಅಂದರೆ ಏನು ಅಂತ ನಿನಗೆ ಹೇಳಬೇಕೇ? ನೀನು ರಂಗದ ಪಕ್ಕದ ಟ್ರಂಕಿನ ಮೇಲೆ ಮಲಗಿ ಬೆಳೆದವಳು. ಕೆಳಗೆ ಕೂತ ಜನ ಒನ್ಸ್ ಮೋರ್ ಅಂದರೆ ಸತ್ತು ಬಿದ್ದ ರಾಜನೂ ಎದ್ದು ನಿಂತು ಹಾಡಿ ಮತ್ತೆ ಸಾಯಬೇಕು. ಅದು ಸಿದ್ದರಾಮಪ್ಪನ ಕಾಯಿದೆ. "ಕೇಳಿದವರಿಗೆ ಇಲ್ಲ ಅನ್ನೂದು ಕಲಾವಿದನ ಬಾಯಾಗ ಬರಬಾರದು" ಅನ್ನುತ್ತಿದ್ದ. ಒಮ್ಮೆ ನನಗೆ ಮೈಯೆಲ್ಲ ಜ್ವರ, ಆದರೂ ಒಂದೇ ದೃಶ್ಯವನ್ನು ಜನ ಸಾಕು ಅನ್ನುವ ತನಕ ಮಾಡಿಸಿದ. ಮಾಡಿದೆ. ಅದು ಶಿಕ್ಷೆಯಲ್ಲ, ಕಿರೀಟ.

ಹಾಗಾಗಿ ಇಲ್ಲೂ ಕೇಳಿದವರಿಗೆಲ್ಲ ಮಾಡಿದೆ. ಅದೇ ಮಾತು, ಅದೇ ಕುರ್ಚಿ. ಆದರೆ ಹಳೆಯದನ್ನೇ ಮತ್ತೆ ಹಾಕಿದ್ದಲ್ಲ, ಪ್ರತಿ ಸಲ ಹೊಸದಾಗಿ ನಿಂತು ಹೇಳಿದ್ದು. ಒಮ್ಮೆ ಸಿಟ್ಟನ್ನು ಹುಬ್ಬಿನಲ್ಲಿಟ್ಟು ಹೇಳಿದೆ. ಒಮ್ಮೆ ಸೆರಗಿನಲ್ಲಿ. ಒಮ್ಮೆ ಅಕ್ಕಿ ಆರಿಸುತ್ತ, ಕಣ್ಣೆತ್ತದೆ ಹೇಳಿದೆ, ಅದಕ್ಕೆ ಎಲ್ಲಕ್ಕಿಂತ ಹೆಚ್ಚು ನಕ್ಕರು.

ಹೀಗೆ ದುಡಿದ ರೊಕ್ಕ ಆ ಆ್ಯಪಿನೊಳಗೆ ಕೂಡಿತು. ಎಷ್ಟು ಅಂತ ಬರೆಯುವುದಿಲ್ಲ, ಮೂರು ಹಲ್ಲಿಗೆ ಸಾಕಾಗುವಷ್ಟು. ಕೆಳಗಡೆ ಹಸಿರು ಗುಂಡಿ, ಅದರ ಮೇಲೆ "ಕ್ಯಾಶ್ ಔಟ್". ಒತ್ತಿದೆ. ಗುಂಡಿ ಬೂದಿ ಬಣ್ಣಕ್ಕೆ ತಿರುಗಿತು. ನಿನಗೆ ಫೋನು ಮಾಡಿದೆ. "ಅಮ್ಮ, ಒಂದೆರಡು ದಿನ ಆಗತ್ತೆ" ಅಂದಿ. ತಿಂಗಳಾಯಿತು. ಔಟ್ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು, ಕ್ಯಾಶ್ ಅನ್ನುವುದೇ ಮರೆತುಹೋಗಿತ್ತು.

ಆಮೇಲೆ ಒಂದು ಸಂದೇಶ ಬಂತು, ಕನ್ನಡದಲ್ಲೇ. ಯಾರೂ ಮಾತಾಡದ ಕನ್ನಡ. "ನಿಮ್ಮ ವಿಷಯವು ಪುನರಾವರ್ತಿತವಾಗಿದೆ. ಗಳಿಕೆಯನ್ನು ತಡೆಹಿಡಿಯಲಾಗಿದೆ." ಪುನರಾವರ್ತಿತವಂತೆ. ಹೇ ಕುರುಡು ಯಂತ್ರವೇ, ನಿನ್ನದೇ ಅಂಗಳದಲ್ಲಿ ನಿಂತು ಜನ ಒನ್ಸ್ ಮೋರ್ ಅಂದದ್ದು ನಿನಗೆ ಕೇಳಲಿಲ್ಲವೇ? ಜನರ ಮಾತು ಇಟ್ಟುಕೊಂಡಿ, ಅವರ ನಗೆ ಇಟ್ಟುಕೊಂಡಿ, ಅದರ ನಡುವೆ ನಿನ್ನ ಸಾಬೂನು ಮಾರಿಕೊಂಡಿ, ಪಗಾರದ ಹೊತ್ತಿಗೆ ನನ್ನನ್ನೇ ಕಳ್ಳಿ ಅನ್ನುತ್ತೀಯಾ? ಇಷ್ಟನ್ನೂ ಟೈಪು ಮಾಡಿ ಕಳಿಸಿದೆ. ಚೇತನಕುಮಾರ ಓದಿ "ಅತ್ತೆ, ಇಷ್ಟೆಲ್ಲ ಬೇಡ, ಅಪೀಲ್ ಅಂತ ಒತ್ತಿ ಸಾಕು" ಅಂದ.

ಅಪೀಲಿಗೆ ಉತ್ತರ ಬಂತು. ಹಳೆಯ ಆರೋಪ ಬಿಟ್ಟು ಹೊಸದು ಹೊರಿಸಿದರು. "ನಿಮ್ಮ ವಿಡಿಯೋದಲ್ಲಿ ಓರ್ವ ವ್ಯಕ್ತಿಗೆ ಕಿರುಕುಳ ನೀಡಲಾಗುತ್ತಿದೆ." ಓದಿ ನನಗೆ ಮೊದಲು ನಗು ಬಂತು, ಸಪ್ನಾ ಅಂತೂ ಬಿದ್ದು ಬಿದ್ದು ನಕ್ಕಳು. "ಅವ್ವಾರ, ನನ್ನ ಕುರ್ಚಿಗಿ ನೀವು ಭಾಳ ತ್ರಾಸ ಕೊಟ್ಟೀರಿ, ಪೊಲೀಸ್ ಸ್ಟೇಷನ್ನಿಗಿ ಕರಕೊಂಡು ಹೋಗ್ತೀನಿ" ಅಂದಳು. ಆಮೇಲೆ ನಗು ಇಳಿದು ಹೊಟ್ಟೆ ಉರಿಯಿತು. ನೂರಾರು ಜನ ನಿಜವಾದ ಹೆಂಗಸರನ್ನು ಅದೇ ಆ್ಯಪಿನಲ್ಲಿ ಹೆಸರು ಹಿಡಿದು ಬಯ್ಯುತ್ತಾರೆ, ಅವರ ವಿಡಿಯೋ ಮುತ್ತಿನಂತೆ ಹೊಳೆಯುತ್ತವೆ. ನಾನು ಕುರ್ಚಿಗೆ ಬಯ್ದರೆ ಕಿರುಕುಳ. ಆ ಬಯ್ಗುಳದೊಳಗೆ ಹೊಟ್ಟೆತುಂಬ ನಗು ಇಟ್ಟಿರುವುದು ರಾಯಚೂರಿನ ಹಮಾಲನಿಗೆ ತಿಳಿಯುತ್ತದೆ, ಕೋಟಿ ರೊಕ್ಕದ ಯಂತ್ರಕ್ಕೆ ತಿಳಿಯುವುದಿಲ್ಲ.

ಸಹಾಯಕ್ಕಂತ ಅಲ್ಲೊಂದು ಹುಡುಗಿ ಇದ್ದಳು, ದಿಯಾ ಅಂತ ಹೆಸರು. "ನಮಸ್ಕಾರ, ನಾನು ದಿಯಾ, ಹೇಗೆ ಸಹಾಯ ಮಾಡಲಿ" ಅಂತ ಬರೆದಳು. ನಾನೂ ಮರ್ಯಾದೆಯಿಂದ "ನಮಸ್ಕಾರರೀ ದಿಯಾ ಅವರ, ಊಟ ಆತೇನ್ರಿ" ಅಂತ ಕೇಳಿದೆ. "ಕ್ಷಮಿಸಿ, ನನಗೆ ಅರ್ಥವಾಗಲಿಲ್ಲ" ಅಂದಳು. ನನ್ನ ಕರುಳು ಚುರ್ ಅಂತು. ಯಾರ ಮನೆಯ ಮಗಳೋ, ಊಟ ಅಂದರೆ ಅರ್ಥವಾಗದಷ್ಟು ಕೆಲಸ ಹೇರಿದ್ದಾರೆ ಅಂದುಕೊಂಡೆ. ನನ್ನ ತ್ರಾಸು ಬಿಟ್ಟು ಅವಳಿಗೇ ಸಮಾಧಾನ ಬರೆದೆ. ಸಾವಕಾಶ ತಿನ್ನವಾ, ಕೆಲಸ ಎಲ್ಲಿ ಓಡಿ ಹೋಗುತ್ತದೆ ಅಂತ. ಮತ್ತೆ "ಅರ್ಥವಾಗಲಿಲ್ಲ" ಅಂದಳು. ಅದು ಹುಡುಗಿಯೇ ಅಲ್ಲ, ಮಷೀನು ಅಂತ ಚೇತನಕುಮಾರ ಹೇಳಿದಾಗ ನನಗೆ ಬಂದ ಸಿಟ್ಟು ಇಷ್ಟಷ್ಟಲ್ಲ. ಕರುಳನ್ನೂ ಮೋಸ ಮಾಡಿ ಇಸಿದುಕೊಂಡರಲ್ಲ.

ನಡುವೆ ಒಂದು ನಗೆಯ ಮಾತು. ಬೀಗತಿಯವರು ನನ್ನ ವಿಡಿಯೋ ನೋಡುತ್ತಾರಂತೆ. "ಅಮ್ಮ ದಿನಾ ಆ ಜಗಳಗಂಟಿ ಅತ್ತೆ ನೋಡಿ ನಗ್ತಾರೆ, ಅದು ನೀವು ಅಂತ ಅವರಿಗೆ ಗೊತ್ತಿಲ್ಲ" ಅಂತ ಚೇತನಕುಮಾರ ಹೇಳಿದ. ಹೇಗೆ ಗೊತ್ತಾದೀತು? ನಿಮ್ಮ ಮನೆಯ ಗೃಹಪ್ರವೇಶದಲ್ಲಿ ನೀನು ಎಲ್ಲರ ಮುಂದೆ "ನಮ್ಮಮ್ಮ ಸ್ಕೂಲ್ ಟೀಚರ್ ಆಗಿದ್ರು" ಅಂದಿದ್ದಿ. ನಾನು ಒಂದು ಕ್ಷಣ ನಿನ್ನ ಮಾರಿ ನೋಡಿದೆ, ಆಮೇಲೆ ಕೊಟ್ಟ ಪಾತ್ರ ಮಾಡೇಬಿಟ್ಟೆ. ಸೆರಗು ಹೊದ್ದು, ದನಿ ಇಳಿಸಿ, ಕನ್ನಡಕ ಸರಿಪಡಿಸಿಕೊಂಡು ಕೂತೆ. "ಯಾವ ಸಬ್ಜೆಕ್ಟ್ ಹೇಳಿಕೊಡ್ತಿದ್ರಿ?" ಅಂತ ಸುಹಾಸಿನಿಯವರು ಕೇಳಿದರು. "ಬಾಯಿಪಾಠ" ಅಂದೆ. ನೀನು ತುಟಿ ಕಚ್ಚಿಕೊಂಡು ಒಳಗೆ ಹೋದಿ. ನಾನು ಬೇಸರ ಮಾಡಿಕೊಳ್ಳಲಿಲ್ಲ. ಹೊಸ ಮನೆ, ಹೊಸ ಬಳಗ, ಅಂಜಿಕೆ ಇರುತ್ತದೆ. ಒಂದು ದಿನದ ಪಾತ್ರ ಅಂತ ತಿಳಿದೆ.

ಕಡೆಯ ಅಂಕಕ್ಕೆ ಬರುತ್ತೇನೆ. ಹೋದ ತಿಂಗಳು ಆ ಕಂಪನಿ ಇನ್ನೊಂದು ತಗಾದೆ ತೆಗೆಯಿತು. ಖಾತೆದಾರರ ಮುಖವೇ ಬೇರೆ, ವಿಡಿಯೋದಲ್ಲಿರುವ ಮುಖವೇ ಬೇರೆ. ವಿಡಿಯೋದಲ್ಲಿರುವಾಕೆ ತನಗೆ ಏನಾಗಬೇಕು ಅಂತ ಖಾತೆದಾರರೇ ಕ್ಯಾಮರಾ ಮುಂದೆ ಹೇಳಿ ಕಳಿಸಬೇಕು. ತಿಂಗಳೊಳಗೆ ಕಳಿಸದಿದ್ದರೆ ಖಾತೆಯೂ ಮುಚ್ಚುತ್ತದೆ, ಕೂಡಿದ್ದೂ ಹೋಗುತ್ತದೆ.

ನನಗೆ ಒಳಗೊಳಗೆ ಖುಷಿ ಆಯಿತು, ಸುಳ್ಳು ಹೇಳುವುದಿಲ್ಲ. ಇಷ್ಟೆಲ್ಲ ಪೀಡಿಸಿ ಕೊನೆಗೆ ಕೇಳಿದ್ದು ಇಷ್ಟೇನಾ ಅಂದುಕೊಂಡೆ. ಇದಕ್ಕಿಂತ ಹಗುರ ಪ್ರಶ್ನೆ ಜಗತ್ತಿನಲ್ಲಿ ಯಾವುದಿದೆ? ಕೂತು ನಿನಗೆ ಮಾತು ಬರೆದೆ, ನಾಟಕದ ಕವಿ ಬರೆದಂತೆ, ಹೊಡೆದು ಹೊಡೆದು ತಿದ್ದಿ. "ಈಕಿ ನಮ್ಮವ್ವ. ಹೆಸರು ಅಂಬವ್ವ. ನಾಟಕದ ಕಂಪನಿಯೊಳಗ ದುಡದು ನನ್ನ ಓದಿಸಿದಾಕಿ. ಈ ಮಾತು, ಈ ಮಾರಿ, ಈ ದುಡಿಮಿ ಎಲ್ಲಾ ಆಕಿದು." ಅಷ್ಟೇ. ಫೋನಿನಲ್ಲಿ ಹೇಳಿಕೊಟ್ಟೆ. "ನಮ್ಮವ್ವ ಅನ್ನೂಮುಂದ ಉಸಿರು ಹಿಡಿಬ್ಯಾಡ, ಬಿಟ್ಟು ಹೇಳು" ಅಂದೆ.

"ಅಮ್ಮ, ಅದೆಲ್ಲ ನಂಗೆ ಬಿಟ್ಬಿಡು" ಅಂದಿ. "ಆಫೀಸಿಂದ ಬಂದು ಮಾಡ್ತೀನಿ. ನೀನು ಟೆನ್ಷನ್ ಮಾಡ್ಕೋಬೇಡ."

ಮಾಡಿದಿ. ಕಳಿಸಿದಿ. ಆ ಕಂಪನಿ ಒಪ್ಪಿತು. ಬೂದಿ ಗುಂಡಿ ಹಸಿರಾಯಿತು, ರೊಕ್ಕ ನಿನ್ನ ಖಾತೆಗೆ ಬಂತು, ಅಲ್ಲಿಂದ ನನ್ನ ಫೋನಿಗೆ ಬಂದು ಟಿಣ್ ಅಂತು. ಪಡದೆ ಎದ್ದಿತು, ಆದರೆ ನನ್ನ ಕಣ್ಣಿಗೆ ರಂಗವೇ ಕಾಣಲಿಲ್ಲ. ನನ್ನ ಬಾಯಿ, ನನ್ನ ಹುಬ್ಬು, ನನ್ನ ಸೆರಗು ಇಡೀ ಊರಿಗೆ ಕಂಡರೂ ಆ ಕಂಪನಿಗೆ ಕಾಣಲಿಲ್ಲ. ನಾನು ಯಾರು ಅಂತ ನನ್ನನ್ನು ಕೇಳಲೇ ಇಲ್ಲ, ಇನ್ನೊಬ್ಬರನ್ನು ಕೇಳಿ ತಿಳಿದುಕೊಂಡಿತು. ಇಂಥವರ ಹಲ್ಲು ನನ್ನ ಬಾಯಲ್ಲಿ ಬೇಡ. ಅದಕ್ಕೇ ತಿರುಗಿ ಹಾಕಿದೆ. ಚೇತನಕುಮಾರನಿಗೆ ಹೀಗೇ ಹೇಳು.

ಇನ್ನು ಮುಗಿಸುತ್ತೇನೆ. ಕೆಳಗೆ ಪೆಂಡಾಲಿನಲ್ಲಿ ತೆಲುಗು ಹಾಡು ಹಚ್ಚಿದ್ದಾರೆ, ನನ್ನ ಪೆನ್ನೇ ಕುಣಿಯುತ್ತಿದೆ. ಬೆಳಿಗ್ಗೆ ತಿಂಡಿ ತಿನ್ನದೆ ಆಫೀಸಿಗೆ ಹೋಗಬೇಡ. ಸುಹಾಸಿನಿಯವರ ಮೊಣಕಾಲು ನೋವು ಹೇಗಿದೆ? ಎಳ್ಳೆಣ್ಣೆ ಬಿಸಿ ಮಾಡಿ ಹಚ್ಚಲು ಹೇಳು. ಅಳಿಯನಿಗೆ ಖಾರ ಕಡಿಮೆ ಹಾಕಿ ಶೇಂಗಾ ಚಟ್ನಿ ಮಾಡಿಟ್ಟಿದ್ದೇನೆ, ಈ ಕಡೆ ಬಂದಾಗ ಒಯ್ಯಲಿ. ಹೋದಲ್ಲಿ ನಿನಗೆ ಜಾಗ ಸಿಗಲಿ, ಕೂತಲ್ಲಿ ಗೌರವ ಸಿಗಲಿ, ನಿನ್ನ ದನಿ ಎಂದೂ ಬೀಳದಿರಲಿ.

ನಿನ್ನ ಅವ್ವ,
ಅಂಬವ್ವ

ತಾ. ಕ.: ಪತ್ರಾ ಮಡಚಿ ಪಾಕೀಟಿನ್ಯಾಗ ಹಾಕಿದ್ದೆ. ಮತ್ತ ತಗದೆ. ಮ್ಯಾಲೆ ಬರದದ್ದು ರಂಗದ ಭಾಷಾ. ಆ ಕಂಪನಿ ಮ್ಯಾಲಿನ ಸಿಟ್ಟು ಖರೇನ, ಆದರ ರೊಕ್ಕಾ ತಿರುಗಿ ಹಾಕಿದ್ದು ಆ ಸಿಟ್ಟಿಗಲ್ಲ. ಇದು ಮನಿ ಮಾತು, ನೀನೊಬ್ಬಾಕಿ ಓದು.

ಅದೇ ಖಾತೆ ನನ್ನ ಫೋನಿನ್ಯಾಗೂ ತೆರಿತೈತಿ ಅನ್ನೂದು ನೀ ಮರತಿ. "ಅಂಗೀಕರಿಸಲಾಗಿದೆ" ಅಂತ ಬಂದ ದಿನ ಅದರ ಕೆಳಗ ನೀ ಕಳಸಿದ ವಿಡಿಯೋ ಇತ್ತು. ಒತ್ತಿದೆ. ನೀ ಬಂದಿ. ಎಷ್ಟು ಚಂದ ಕಾಣತಿದ್ದಿ, ತಲಿ ಬಾಚಿಕೊಂಡು, ನೀಲಿ ಅಂಗಿ ಹಾಕ್ಕೊಂಡು. ಇಂಗ್ಲೀಷಿನ್ಯಾಗ ಮಾತಾಡಿದಿ. ನನಗ ತಿಳದದ್ದು ಎರಡ ಶಬ್ದ. ಹೈಯರ್ ಆರ್ಟಿಸ್ಟ್.

ಹೈ ಅಂದ್ರ ಎತ್ತರ ಅಂತ ನನಗ ಗೊತ್ತು. ಹೈಸ್ಕೂಲು, ಹೈಕೋರ್ಟು. ಹೈಯರ್ ಅಂದ್ರ ಅದಕ್ಕೂ ಮ್ಯಾಲೆ. ನನ್ನ ಮಗಳು ಜಗತ್ತಿನ ಮುಂದ ನನ್ನ ದೊಡ್ಡ ಕಲಾವಿದೆ ಅಂದಳು ಅಂತ ತಿಳದೆ. ನಾ ಬರದುಕೊಟ್ಟ ಮಾತಿಗಿಂತ ಛಲೋ ಮಾತು ಅಕಿಯಾಗಿ ಹುಡುಕ್ಯಾಳ ಅಂದ್ಕೊಂಡೆ. ಕೂತು ಅತ್ತೆ. ಪೇಢೆ ತಂದು ಇಡೀ ಬಿಲ್ಡಿಂಗಿಗೆ ಹಂಚಿದೆ. "ಯಾಕ್ರಿ ಅವ್ವಾರ, ಪೇಢೆ?" ಅಂದವರಿಗೆಲ್ಲಾ, "ಹೈಯರ್ ಆರ್ಟಿಸ್ಟ್ ಆಗೀನಿ" ಅಂದೆ.

ಸಪ್ನಾಗ ವಿಡಿಯೋನ ತೋರಿಸಿದೆ. ಪೇಢೆ ಬಾಯಾಗ ಇಟ್ಕೊಂಡಾಕಿ ತಿನ್ನೂದು ನಿಲ್ಲಿಸಿದಳು. ಫೋನು ಬೋರಲ ಇಟ್ಟು, "ಚಹಾ ಇಡಲೇನ್ರಿ" ಅಂದಳು. ನಾ ಬಿಡಲಿಲ್ಲ. "ಅವ್ವಾರ, ಇದು ಎತ್ತರದ ಹೈಯರ್ ಅಲ್ರಿ" ಅಂದಳು, ನನ್ನ ಮಾರಿ ನೋಡದ. "ಹಯರ್ ಅಂದ್ರ ಬಾಡಿಗಿ. ಆಟೋ ಹಯರ್ ಮಾಡ್ತೀವಲ್ರಿ, ಹಂಗ. ಇವರು ಬಾಡಿಗಿ ಕಲಾವಿದರು, ವಿಡಿಯೋಕ್ಕ ಇಷ್ಟು ಅಂತ ಇವರಿಗಿ ರೊಕ್ಕಾ ಕೊಡ್ತೀವಿ ಅಂತ ಹೇಳ್ಯಾರ್ರಿ."

ಇದನ್ನ ಓದಿ ನೀ, ಮತ್ತೊಬ್ಬರಿಗೆ ಖಾತೆ ಬಳಸಾಕ ಕೊಡಬಾರದು ಅನ್ನೋ ಕಾಯಿದೆ ಐತಿ, ಅದಕ್ಕ ಹಂಗ ಹೇಳಿದೆ ಅಂತೀ. ಮಷೀನಿಗೆ ಹೇಳಿದ್ದು ಅವ್ವಾ, ಮನಸಿಗೆ ಹಚ್ಕೋಬ್ಯಾಡ ಅಂತೀ. ಇರಬಹುದು, ನಂಬಾಕ ತಯಾರದೀನಿ. ಆದರ ನಾ ಇನ್ನೊಬ್ಬರ ಮಾರಿ ನೋಡಿ ಮಾತು ಎತ್ತಿಕೊಂಡು ಬದುಕಿದಾಕಿ. ಆ ಮಾತು ಹೇಳೋ ಮುಂಚೆ ನೀ ಒಮ್ಮಿ ತಿರುಗಿ ನೋಡಿದಿ. ಹೊರಗ ಹಾಲ್‌ನ್ಯಾಗ ಬೀಗತಿಯವರ ಟೀವಿ ಕೇಳತಿತ್ತು. ಎದ್ದು ಹೋಗಿ ಬಾಗಿಲಾ ಹಾಕಿ ಬಂದು ಹೇಳಿದಿ. ಮಷೀನಿಗೆ ಹೇಳೂ ಮಾತಿಗೆ ಬಾಗಿಲಾ ಯಾಕ ಹಾಕಬೇಕಿತ್ತು, ರಶ್ಮಿ?

ಮತ್ತ ಒಂದು. ನೀ ಎಲ್ಲೂ ತಡವರಿಸಲಿಲ್ಲ. ಒಂದ ಸಲಕ್ಕ ಹೇಳಿ ಮುಗಿಸಿದಿ. ಅದನ್ನ ನೋಡಿದ ಮ್ಯಾಲೆ ನನಗ ನಿದ್ದಿ ಬಂದಿಲ್ಲ.

ಟೀಚರ್ ಪಾತ್ರ ಕೊಟ್ಟಿ, ಮಾಡಿದೆ. ಇದನ್ನ ಮಾಡಂಗಿಲ್ಲ. ರೊಕ್ಕಾ ನಿನ್ನ ಕಡೇನ ಇರಲಿ, ಹಲ್ಲು ಕಾಯತಾವ. ಕೇಳಿದವರಿಗೆ ಇಲ್ಲ ಅನ್ನಬಾರದು ಅನ್ನೂ ಕಾಯಿದೆಯೊಳಗ ನೀನೂ ಬೆಳದಾಕಿ. ಈಗ ಕೆಳಗ ಕೂತು ಕೇಳಾಕತ್ತಾಕಿ ನಾನು. ಕ್ಯಾಮರಾ ಬ್ಯಾಡ, ಯಾವ ಕಂಪನಿಗೂ ಕಳಸೂದು ಬ್ಯಾಡ. ಬಾಗಿಲಾ ತೆರದಿಟ್ಟು, ಹಾಲ್‌ನ್ಯಾಗ ಕೂತವರಿಗೆ ಕೇಳೋ ಹಂಗ, ಕನ್ನಡದಾಗ ಹೇಳು. ಮಾತು ನಿನಗ ಗೊತ್ತೈತಿ, ನಾನ ಬರದುಕೊಟ್ಟೀನಿ.

ಒನ್ಸ್ ಮೋರ್.